ಅರವತ್ತರ ದಶಕದ ಬೆಳ್ಳಿ ಟೀ ಸೆಟ್ ಕೊಳ್ಳುವವರೇ, ಹಿಡಿಯ ಬುಡ ನೋಡದೆ ದುಡ್ಡು ಕೊಡಬೇಡಿ

ಲಂಡನ್ ಹಾಲ್‌ಮಾರ್ಕಿನ ಸ್ಟರ್ಲಿಂಗ್ (ಸಾವಿರಕ್ಕೆ 925 ಪಾಲು ಬೆಳ್ಳಿ) ಸೆಟ್ಟು: ಟೀ ಪಾಟು, ಕಾಫಿ ಪಾಟು, ಹಾಲಿನ ಜಗ್ಗು, ಸಕ್ಕರೆ ಬಟ್ಟಲು. ಆನ್‌ಲೈನ್ ಹರಾಜಿನ ವಿವರಣೆಯಲ್ಲಿ ಇದ್ದದ್ದು ‘ಒಳ್ಳೆಯ ಸ್ಥಿತಿ’ ಎಂಬ ಮಾತು ಮತ್ತು ಒಟ್ಟು ತೂಕ. ಮುದ್ರೆಯ ಫೋಟೊ ಒಂದೇ, ಅದೂ ಟೀ ಪಾಟಿನದು. ಪಾರ್ಸೆಲ್ ಬಿಚ್ಚಿದ ಮೇಲೆ ಒಂದೊಂದೇ ಹೊರಬಿತ್ತು. ಕಾಫಿ ಪಾಟಿನ ಹಿಡಿಯ ಬುಡಕ್ಕೆ ಸೀಸದ ಬೆಸುಗೆ ಹಾಕಿ, ಅದು ಕಾಣದಂತೆ ಇಡೀ ಪಾತ್ರೆಗೆ ಬೆಳ್ಳಿ ಗಿಲೀಟು ಮಾಡಿದ್ದರು. ಹಾಲಿನ ಜಗ್ಗು ಬೇರೆ ಸೆಟ್ಟಿನದು. ಮಾರಿದವರು ‘ವಿವರಣೆಯಲ್ಲಿ ಸುಳ್ಳೇನೂ ಇಲ್ಲವಲ್ಲ’ ಎಂದು ಕೈ ತೊಳೆದುಕೊಂಡರು. ಇಂಥ ಸೆಟ್ಟುಗಳು ಇನ್ನೂ ಮಾರಾಟಕ್ಕೆ ಬರುತ್ತಲೇ ಇವೆ. ಅದಕ್ಕೇ ಇಷ್ಟು ವಿವರ.

ಅರವತ್ತರ ದಶಕದ ಹೊಸ ಶೈಲಿಯ ಪಾತ್ರೆಗಳಲ್ಲಿ ಸಾಮಾನ್ಯವಾಗಿ ಬಳ್ಳಿ, ಹೂವಿನ ಕೆತ್ತನೆ ಇರುವುದಿಲ್ಲ. ನುಣುಪಾದ ಮೈ, ಎತ್ತರದ ನಿಲುವು, ಎಬನಿ ಅಥವಾ ಬೀಟೆ ಮರದ ಹಿಡಿ, ಅಷ್ಟೇ. ತುಂಬಿದ ಪಾತ್ರೆಯ ಭಾರವೆಲ್ಲ ಮರದ ಹಿಡಿ ಕೂರುವ ಎರಡು ಪುಟ್ಟ ಬೆಳ್ಳಿ ಕೊಳವೆಗಳ ಮೇಲೆ ಬೀಳುತ್ತದೆ. ಅಲ್ಲೇ ಮೊದಲು ಬಿರುಕು. ಮೂಲ ಬೆಸುಗೆ ಬೆಳ್ಳಿಯದು, ಕರಗಲು ಸುಮಾರು 700 ಡಿಗ್ರಿ ಸೆಲ್ಸಿಯಸ್ ಬೇಕು. ಅದೇ ರೀತಿ ರಿಪೇರಿ ಮಾಡಬೇಕಾದರೆ ಪಿನ್ ಹೊಡೆದು ತೆಗೆದು ಮರ ಬಿಚ್ಚಿ, ಕಾಯಿಸಿ, ಮತ್ತೆ ಪಾಲಿಶ್ ಮಾಡಬೇಕು. ಆ ಶ್ರಮ ತಪ್ಪಿಸಿಕೊಳ್ಳುವವರು 183 ಡಿಗ್ರಿಗೇ ಕರಗುವ ತವರ-ಸೀಸದ ಬೆಸುಗೆ ಬಳಿದು ಮುಗಿಸುತ್ತಾರೆ.

ಕೆಲಸ ಕೆಡುವುದು ಆಮೇಲೆ. ಸೀಸ ಅಂಟಿರುವ ಬೆಳ್ಳಿಯನ್ನು ಮುಂದೆ ಯಾರಾದರೂ ಸರಿಯಾದ ಬೆಸುಗೆಗೆಂದು ಕಾಯಿಸಿದರೆ ಸೀಸ ಬೆಳ್ಳಿಯೊಳಗೆ ಇಳಿದು ಅದನ್ನು ತಿನ್ನುತ್ತದೆ, ಗುಳಿ ಬೀಳುತ್ತದೆ, ತೂತೂ ಆಗಬಹುದು. ಮೊದಲು ಒಂದು ಚೂರೂ ಉಳಿಯದಂತೆ ಕೆರೆದು ತೆಗೆಯಬೇಕು.

ಗುರುತಿಸುವುದು ಹೇಗೆ? ಮುಚ್ಚಳ ತೆಗೆದು ಸಣ್ಣ ಟಾರ್ಚ್ ಬಿಟ್ಟು ಹಿಡಿಯ ಬುಡದ ಒಳಭಾಗ ನೋಡಿ. ಆಮೇಲೆ ಹೊರಗೆ, ಕೊಳವೆ ಮೈಗೆ ಸೇರುವ ಅಂಚು. ಬೆಳ್ಳಿ ಬೆಸುಗೆ ತೆಳು ಗೆರೆಯಂತೆ ಬಿಳಿಯಾಗಿರುತ್ತದೆ. ಸೀಸದ್ದು ಬೂದು ಬಣ್ಣ, ಉಂಡೆ ಉಂಡೆ, ಸೂಜಿ ಮೊನೆ ಸುಲಭವಾಗಿ ಇಳಿಯುತ್ತದೆ. ಹೊರಗೆ ಗಿಲೀಟು ಮುಚ್ಚಿದ್ದರೆ ನಾಲ್ಕೂ ಪಾತ್ರೆಗಳನ್ನು ಹಗಲ ಬೆಳಕಿನಲ್ಲಿ ಸಾಲಾಗಿ ಇಡಿ. ಒಂದು ಮಾತ್ರ ಹಾಲಿನಷ್ಟು ಬಿಳುಪಾಗಿ, ಗೀರೇ ಇಲ್ಲದೆ ಇದ್ದರೆ ಅನುಮಾನಿಸಿ. ಶುದ್ಧತೆ ಅಳೆಯುವ ಒಡವೆ ಅಂಗಡಿಯ ಎಕ್ಸ್‌ರೇ ಯಂತ್ರ ಮೇಲ್ಪದರವನ್ನಷ್ಟೇ ಓದುತ್ತದೆ, ಗಿಲೀಟಿನದು ಶುದ್ಧ ಬೆಳ್ಳಿ. ಹಾಗಾಗಿ ಉಳಿದವು 925ರ ಆಸುಪಾಸು ಇದ್ದು ಒಂದು ಪಾತ್ರೆ ಮಾತ್ರ ಅದಕ್ಕಿಂತ ತುಂಬಾ ಮೇಲೆ ತೋರಿದರೆ ಖುಷಿಪಡುವ ವಿಷಯವಲ್ಲ.

ಬ್ರಿಟನ್ನಿನ ಬೆಳ್ಳಿ ಕುಶಲಕರ್ಮಿ ಜೆರಾಲ್ಡ್ ಬೆನ್ನಿಯಂಥವರ ತರಿತರಿ ಮೈಯ ಪಾತ್ರೆಗೆ ಪಾಲಿಶ್ ಮಾಡುವ ಬಫಿಂಗ್ ಚಕ್ರ ತಾಗಿದ್ದರೆ ಅದನ್ನು ಬಿಟ್ಟುಬಿಡಿ. ದಿಣ್ಣೆಗಳು ಸವೆದು ಮಟ್ಟಸವಾದ ಮೇಲೆ ಅವರು ಕೊಟ್ಟ ಮೈ ಮರಳಿ ಬರುವುದಿಲ್ಲ. ಇಷ್ಟು ಒಳ್ಳೆಯ ಕೆಲಸ ಹೀಗೆ ಹಾಳಾಗಿರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಜಗ್ಗಿನ ಮೋಸ ಹಿಡಿಯುವುದು ಸುಲಭ. ಲಂಡನ್ ಹಾಲ್‌ಮಾರ್ಕಿನಲ್ಲಿ ವರ್ಷ ಸೂಚಿಸುವ ಅಕ್ಷರ 1956ರಲ್ಲಿ ಸಣ್ಣ ‘ಎ’ಯಿಂದ ಶುರುವಾಗಿ 1974ರ ‘ಟಿ’ವರೆಗೆ ಹೋಗುತ್ತದೆ (‘ಜೆ’ ಇಲ್ಲ). ಆಗ ಅಕ್ಷರ ಬದಲಾಗುತ್ತಿದ್ದದ್ದು ಮೇ ತಿಂಗಳಲ್ಲಿ, ಆದ್ದರಿಂದ ಒಂದು ಅಕ್ಷರದ ವ್ಯತ್ಯಾಸ ಸಹಜ. ಟೀ ಪಾಟಿನಲ್ಲಿ 1962ರ ‘ಜಿ’, ಜಗ್ಗಿನಲ್ಲಿ 1965ರ ‘ಕೆ’ ಇದ್ದರೆ ಜೋಡಿಸಿದ ಸೆಟ್ಟೆಂದೇ ಎಣಿಸಿ ಬೆಲೆ ಇಳಿಸಿ. ಬಿಡಿಯಾಗಿ ಬರುವ ಮುಚ್ಚಳದಲ್ಲೂ ಸ್ಟರ್ಲಿಂಗ್ ಎಂದು ಸೂಚಿಸುವ ಸಿಂಹದ ಮುದ್ರೆ ಹುಡುಕಿ.

ಇನ್ನು ‘ಬೆಳ್ಳಿ’ ಎಂಬ ಮಾತು. ವಾಕರ್ ಅಂಡ್ ಹಾಲ್ ಕಂಪನಿಗಾಗಿ ವಿನ್ಯಾಸಕ ಡೇವಿಡ್ ಮೆಲ್ಲರ್ ಮಾಡಿದ ‘ಪ್ರೈಡ್’ ಟೀ ಸೆಟ್ಟು, ಕ್ರಿಸ್ತೋಫ್ಲ್ ಕಂಪನಿಗಾಗಿ ಲಿನೊ ಸಬಾತಿನಿ ಮಾಡಿದ ‘ಕೋಮೊ’ ಎರಡೂ ಸೊಗಸಾದವು, ಆದರೆ ಗಿಲೀಟಿನವು. ನಮ್ಮಲ್ಲಿ ಒರೆಗಲ್ಲಿನ ಮೇಲೆ ನಂಬಿಕೆ ಜಾಸ್ತಿ. ದಪ್ಪ ಗಿಲೀಟನ್ನು ಹಗುರವಾಗಿ ತಿಕ್ಕಿದರೆ ಒರೆಗಲ್ಲಿಗೂ ಬೆಳ್ಳಿಯೇ ಬರುತ್ತದೆ. ಹಾಗಾಗಿ ಸಾಂದ್ರತೆ ನೋಡಿ: ಮರದ ಗುಬ್ಬಿ ಬಿಚ್ಚಿದ ಮುಚ್ಚಳವನ್ನು 0.1 ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ. ನೀರಿನ ಲೋಟ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿ, ದಾರ ಕಟ್ಟಿದ ಮುಚ್ಚಳವನ್ನು ತಳ, ಬದಿ ತಾಗದಂತೆ, ಗಾಳಿಗುಳ್ಳೆ ಉಳಿಯದಂತೆ ಪೂರ್ತಿ ಮುಳುಗಿಸಿ. ಮೊದಲ ತೂಕವನ್ನು ಆಗ ತಕ್ಕಡಿ ತೋರಿಸುವ ಅಂಕಿಯಿಂದ ಭಾಗಿಸಿ. 84 ಗ್ರಾಂ ಮುಚ್ಚಳಕ್ಕೆ 8.1 ಬಂದರೆ ಸುಮಾರು 10.4, ಅದು ಸ್ಟರ್ಲಿಂಗ್. 9.7 ಬಂದರೆ ಸುಮಾರು 8.7, ಒಳಗಿರುವುದು ನಿಕಲ್ ಮಿಶ್ರಲೋಹ.

ಹಿಡಿಯ ನಡುವಿನ ಬಿಳಿ ಬಿಲ್ಲೆಗಳನ್ನೂ ಕೇಳಿ ತಿಳಿದುಕೊಳ್ಳಿ. ದಂತವಾದರೆ ತೊಂದರೆ ಗ್ಯಾರಂಟಿ: ಬ್ರಿಟನ್ನಿನ 2018ರ ದಂತ ಕಾಯ್ದೆಯಲ್ಲಿ ಶೇ 10ಕ್ಕಿಂತ ಕಡಿಮೆ ದಂತವಿರುವ ವಸ್ತುಗಳಿಗಿರುವ ವಿನಾಯಿತಿ 1947ಕ್ಕೆ ಮೊದಲಿನವಕ್ಕೆ ಮಾತ್ರ. ಅರವತ್ತರ ದಶಕದ ಸೆಟ್ಟಿಗೆ ಅದು ಸಿಗದು. ಭಾರತದಲ್ಲಂತೂ ದಂತದ ವ್ಯಾಪಾರವೇ ನಿಷಿದ್ಧ.

ಸೀಸದ ಬೆಸುಗೆಯ ಪಾತ್ರೆ ಈಗಾಗಲೇ ಮನೆಗೆ ಬಂದಿದ್ದರೆ ಅದರಲ್ಲಿ ಟೀ, ಕಾಫಿ ಸುರಿಯಬೇಡಿ. ಅಕ್ಕಸಾಲಿಗರಿಗೆ ಕೊಡುವಾಗ ‘ಸೀಸ ಇದೆ, ಕೆರೆಯದೆ ಕಾಯಿಸಬೇಡಿ’ ಎಂದು ಚೀಟಿ ಬರೆದು ಹಿಡಿಗೇ ಕಟ್ಟಿ ಕೊಡಿ.