ರಿಪೋರ್ಟಿನಲ್ಲಿ ‘ನಾರ್ಮಲ್’ ಅಂತ ಇತ್ತು, ನಾವು ನಂಬಿದೆವು

ಮಕ್ಕಳ ರಕ್ತದಲ್ಲಿ ಸೀಸ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿದವರು, ಮಾಡಿಸಬೇಕು ಅಂದುಕೊಂಡವರು ದಯವಿಟ್ಟು ಇದನ್ನು ಓದಿ. ನಮ್ಮ ಮಗಳ ವಿಷಯದಲ್ಲಿ ನಾಲ್ಕು ತಿಂಗಳು ಸುಮ್ನೆ ಹಾಳಾಯಿತು. ಕಾರಣ ಒಂದು ಹಾಳೆ. ಅದರಲ್ಲಿದ್ದ ಅಂಕಿ ಸರಿಯಾಗೇ ಇತ್ತು. ಅಂಕಿಯ ಪಕ್ಕ ಅಚ್ಚಾಗಿದ್ದದ್ದು ತಪ್ಪು.

ನಾವಿರುವುದು ಹಳೇ ಹುಬ್ಬಳ್ಳಿಯಲ್ಲಿ. ಮಗಳಿಗೆ ಆಗ ನಾಲ್ಕು ವರ್ಷ. ಊಟಕ್ಕೆ ಕೂತರೆ ಹೊಟ್ಟೆ ಹಿಡಿದುಕೊಳ್ಳುತ್ತಿದ್ದಳು. ಮೂರು ದಿನಕ್ಕೊಮ್ಮೆ ಸಂಡಾಸಿಗೆ ಹೋದರೆ ಹೋದಳು, ಇಲ್ಲದಿದ್ದರೆ ಇಲ್ಲ. ಓಣಿ ತುಂಬ ಓಡಾಡುತ್ತಿದ್ದವಳು ಸಣ್ಣದಕ್ಕೂ ಸಿಟ್ಟಾಗಿ ಬಾಗಿಲ ಸಂದಿಯಲ್ಲಿ ಕೂತು ಅಳತೊಡಗಿದಳು. “ದೃಷ್ಟಿ ಆಗೇತಿ” ಅಂತ ಅತ್ತೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಡಾಕ್ಟರು ಜಂತುಹುಳದ ಔಷಧ ಕೊಟ್ಟರು. ಹಿಮೋಗ್ಲೋಬಿನ್ 8.6 ಬಂತು, ಕಬ್ಬಿಣದ ಸಿರಪ್ ಶುರುವಾಯಿತು. ಎರಡು ತಿಂಗಳು ಕುಡಿಸಿದರೂ 9 ದಾಟಲಿಲ್ಲ. ಆಗ ಅವರೇ, “ಯಾವುದಕ್ಕೂ ಸೀಸ ಒಮ್ಮೆ ನೋಡೋಣ” ಅಂದರು. ಅದು ಅವರಿಗೆ ಹೊಳೆದದ್ದೇ ದೊಡ್ಡದು, ಒಪ್ಪುತ್ತೇನೆ.

ಲ್ಯಾಬಿನವರು ರಕ್ತ ತೆಗೆದು ಬೇರೆ ಊರಿಗೆ ಕಳಿಸಿದರು. ನಾಲ್ಕನೇ ದಿನ ವಾಟ್ಸಾಪಿಗೆ ರಿಪೋರ್ಟ್ ಬಂತು. ಸೀಸ 18.6 ಮೈಕ್ರೋಗ್ರಾಂ ಪ್ರತಿ ಡೆಸಿಲೀಟರ್. ಪಕ್ಕದಲ್ಲಿ ‘25ಕ್ಕಿಂತ ಕಡಿಮೆ: ನಾರ್ಮಲ್’. ದಪ್ಪ ಅಕ್ಷರ ಇಲ್ಲ, ಕೆಂಪು ಗುರುತು ಇಲ್ಲ. ಕೌಂಟರಿನ ಹುಡುಗಿ “ಏನೂ ಇಲ್ರಿ ಅಕ್ಕಾರ, ನಾರ್ಮಲ್ ಐತಿ” ಅಂದಳು. ಡಾಕ್ಟರೂ ಫೋನಿನಲ್ಲೇ ಒಮ್ಮೆ ನೋಡಿ, ಸಿರಪ್ ಮುಂದುವರಿಸಿ ಅಂದರು. ಆವತ್ತು ಸಂಜೆ ನಾನು ಖುಷಿಯಲ್ಲಿ ಮಗಳನ್ನು ದುರ್ಗದಬೈಲಿಗೆ ಕರೆದುಕೊಂಡು ಹೋಗಿ ಗಿರ್ಮಿಟ್ ಕೊಡಿಸಿದೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಯಾಕೆ ಅಂದರೆ, 25 ಅನ್ನುವುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 1985ರಲ್ಲಿ ಮಕ್ಕಳಿಗೆ ಇಟ್ಟಿದ್ದ ಗೆರೆ. 1991ರಲ್ಲಿ ಅದು 10ಕ್ಕೆ ಇಳಿಯಿತು. 2012ರಲ್ಲಿ 5. 2021ರಲ್ಲಿ 3.5. ವಿಶ್ವ ಆರೋಗ್ಯ ಸಂಸ್ಥೆಯೂ 2021ರಲ್ಲಿ, 5 ಅಥವಾ ಜಾಸ್ತಿ ಬಂದರೆ ಸೀಸ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು ಅಂತ ಹೇಳಿತು. ಇಷ್ಟಿದ್ದರೆ ಅಪಾಯವಿಲ್ಲ ಅನ್ನುವ ಮಟ್ಟವೇ ಗೊತ್ತಿಲ್ಲ ಅಂತಲೂ ಹೇಳಿದೆ. ನಮ್ಮ ಲ್ಯಾಬಿನ ಕಂಪ್ಯೂಟರಿನಲ್ಲಿ ಮಾತ್ರ ಇನ್ನೂ 1985 ನಡೆದಿತ್ತು.

ನಾಲ್ಕು ತಿಂಗಳಾದ ಮೇಲೆ ಹೊಟ್ಟೆನೋವು ಎಷ್ಟು ಜಾಸ್ತಿಯಾಯಿತೆಂದರೆ, ಚಿಗರಿ ಬಸ್ ಹತ್ತಿಸಿಕೊಂಡು ಧಾರವಾಡದ ಬೇರೆ ಮಕ್ಕಳ ಡಾಕ್ಟರ ಹತ್ತಿರ ಹೋದೆವು. ಅವರು ರಕ್ತದ ಹನಿಯನ್ನು ಗಾಜಿನ ಮೇಲೆ ಸವರಿಸಿ ತಾವೇ ನೋಡಿದರು. ಕೆಂಪು ಕಣಗಳ ಒಳಗೆ ನೀಲಿ ಚುಕ್ಕೆಗಳಿದ್ದವಂತೆ. “ಸೀಸ ನೋಡಿಸಿದ್ದೀರೇನವಾ?” ಅಂತ ಕೇಳಿದರು. “ನೋಡಿಸೇವ್ರಿ ಮೇಡಂ, ನಾರ್ಮಲ್ ಬಂದೈತಿ” ಅಂತ ಹೆಮ್ಮೆಯಿಂದಲೇ ಫೈಲ್ ಕೊಟ್ಟೆ. ಅವರು 18.6ರ ಕೆಳಗೆ ಪೆನ್ನಿನಿಂದ ಎರಡು ಗೆರೆ ಎಳೆದು, ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ.

ಮತ್ತೆ ಪರೀಕ್ಷೆ ಆಯಿತು. 23.4.

ಆಮೇಲೆ ಶುರುವಾಯಿತು ಪೊಲೀಸ್ ವಿಚಾರಣೆಯಂಥ ಪ್ರಶ್ನೆಗಳು. ಮನೆಯವರು ಬ್ಯಾಟರಿ ಕೆಲಸ ಮಾಡುತ್ತಾರಾ? ಹಳೇ ಬಣ್ಣ ಉದುರುತ್ತದಾ? ಕಣ್ಣಿಗೆ ಸುರ್ಮಾ ಹಚ್ಚುತ್ತೀರಾ? ಅರಿಶಿನ ಬಿಡಿಯಾಗಿ ತರುತ್ತೀರಾ? ಯಾವುದಾದರೂ ಭಸ್ಮ ಕೊಟ್ಟಿದ್ದೀರಾ? (ನಾಗಭಸ್ಮ ಅಂದರೆ ಸೀಸದ್ದೇ ಭಸ್ಮ ಅಂತ ನನಗೆ ಆವತ್ತೇ ಗೊತ್ತಾದದ್ದು.) ಎಲ್ಲದಕ್ಕೂ ಇಲ್ಲ ಅಂದೆ. ಕೊನೆಗೆ, “ಸಾರು ಯಾವ ಪಾತ್ರೆಯೊಳಗ ಮಾಡ್ತೀರಿ?” ಅಂದರು.

ಹಿತ್ತಾಳೆಯದ್ದು. ಸ್ಟೀಲು, ಅಲ್ಯೂಮಿನಿಯಂ ಬೇಡ, ಹಳೇ ಕಾಲದ ಪಾತ್ರೆಯೇ ಆರೋಗ್ಯ ಅಂತ ಮೊಬೈಲಿನಲ್ಲಿ ನೋಡಿ, ಅಟ್ಟದ ಮೇಲಿದ್ದ ಬೋಗುಣಿ ಇಳಿಸಿದವಳು ನಾನೇ. ಓಣಿಗೆ ಬಂದ ಕಲಾಯಿಯವನಿಂದ ಕಲಾಯಿ ಹಾಕಿಸಿದ್ದೆ. “ಕನ್ನಡಿ ಹಂಗ ಹೊಳಿತೈತಿ ನೋಡ್ರಿ ಅಕ್ಕಾರ” ಅಂದಿದ್ದ. ಹೊಳೆಯಿತು ಕೂಡ. ಒಂದು ವರ್ಷ ಅದರಲ್ಲೇ ಹುಣಸೆಹಣ್ಣಿನ ಸಾರು ಕುದಿಸಿದೆ. ಹೋಳಿಗೆ ಮಾಡಿದ ದಿನ ಕಟ್ಟಿನ ಸಾರು ಅದರಲ್ಲೇ ರಾತ್ರಿಯಿಡೀ ಇರುತ್ತಿತ್ತು. ಮಾರನೇ ದಿನದ ಸಾರಿಗೆ ರುಚಿ ಜಾಸ್ತಿ, ಅಲ್ವಾ? ಮಗಳಿಗೆ ಎರಡು ಹೊತ್ತೂ ಸಾರು ಅನ್ನವೇ ಬೇಕು.

ಕಲಾಯಿಗೆ ಹಾಕಬೇಕಾದದ್ದು ಶುದ್ಧ ತವರ. ಅದು ದುಬಾರಿ. ಅದಕ್ಕೆ ಸೀಸ ಬೆರೆಸಿದರೆ ಬೆಲೆಯೂ ಕಮ್ಮಿ, ಕರಗುವುದೂ ಬೇಗ. ತವರ 232 ಡಿಗ್ರಿಗೆ ಕರಗಿದರೆ, ಬೆಸುಗೆಗೆ ಬಳಸುವ ತವರ-ಸೀಸದ ಮಿಶ್ರಣ ಸುಮಾರು 183ಕ್ಕೇ ಕರಗುತ್ತದೆ. ಕಣ್ಣಿಗೆ ಎರಡೂ ಒಂದೇ. ಹುಳಿ ಬಿದ್ದಾಗ ಸೀಸ ಸಾರಿಗೆ ಇಳಿಯುತ್ತದೆ. ನಮ್ಮ ಸಂಬಂಧಿಕ ಹುಡುಗನೊಬ್ಬ ಚಿನ್ನಕ್ಕೆ ಹಾಲ್‌ಮಾರ್ಕ್ ಹಾಕುವ ಕಡೆ ಕೆಲಸ ಮಾಡುತ್ತಾನೆ. ಲೋಹದಲ್ಲಿ ಏನೇನು ಬೆರೆತಿದೆ ಅಂತ ಎಕ್ಸ್‌ರೇ ಬಿಟ್ಟು ಹೇಳುವ ಅಲ್ಲಿನ ಎಕ್ಸ್‌ಆರ್‌ಎಫ್ ಯಂತ್ರದ ಕೆಳಗೆ ಬೋಗುಣಿಯ ಒಳಮೈ ಇಟ್ಟ. ತವರದ ಜೊತೆಗೆ ಸೀಸದ ಗೆರೆ ಎದ್ದು ಕಂಡಿತು. ಶೇಕಡಾ ಎಷ್ಟು ಅನ್ನುವುದನ್ನು ನಂಬಬೇಡಿ, ಯಂತ್ರ ಹೊಂದಿಸಿರುವುದು ಚಿನ್ನಕ್ಕೆ ಅಂದ. ಎಷ್ಟಿದ್ದರೇನು, ನಮಗೆ ಉತ್ತರ ಸಿಕ್ಕಿತ್ತು.

ಮನೆಯವರೆಲ್ಲ ಪರೀಕ್ಷೆ ಮಾಡಿಸಿಕೊಂಡೆವು. ಅತ್ತೆಗೆ 9, ನನಗೆ 8, ಇವರಿಗೆ 6. ಒಂದೇ ಸಾರು ಉಂಡವರು. ದೊಡ್ಡವರ ಹೊಟ್ಟೆ ತಿಂದ ಸೀಸದಲ್ಲಿ ಹತ್ತರಲ್ಲಿ ಒಂದು ಪಾಲು ಹೀರಿದರೆ, ಚಿಕ್ಕ ಮಕ್ಕಳದು ಹೆಚ್ಚು ಕಮ್ಮಿ ಅರ್ಧ ಹೀರುತ್ತದೆ. ಕಬ್ಬಿಣಾಂಶ ಕಮ್ಮಿ ಇದ್ದರೆ ಇನ್ನೂ ಜಾಸ್ತಿ. ಸೀಸ ರಕ್ತ ತಯಾರಾಗುವುದನ್ನೇ ತಡೆಯುತ್ತದೆ, ಹಾಗಾಗಿ ಸಿರಪ್ ಒಂದೇ ಸಾಕಾಗಿರಲಿಲ್ಲ. ಅದು ಮಿದುಳಿಗೂ ಹೋಗುತ್ತದೆ. ಕಲಿಕೆ, ಗಮನ, ಸಿಟ್ಟು ಎಲ್ಲದರ ಮೇಲೂ ಕೈ ಇಡುತ್ತದೆ. ಎಷ್ಟೋ ಮಕ್ಕಳಿಗೆ ಹೊಟ್ಟೆನೋವೂ ಇರುವುದಿಲ್ಲ, ಹೊರಗೆ ಏನೂ ಕಾಣುವುದಿಲ್ಲ. ನಮ್ಮವಳದು ಗೊತ್ತಾದದ್ದೇ ಪುಣ್ಯ.

ಪರೀಕ್ಷೆ ಮಾಡಿಸುವಾಗ ನಾವು ಎಡವಿದ ಇನ್ನೊಂದೆರಡು ಕಡೆ ಹೇಳಿಬಿಡುತ್ತೇನೆ. ಸೀಸ ಹೆಚ್ಚುಕಡಿಮೆ ಪೂರ್ತಿ ಕೆಂಪು ಕಣಗಳಲ್ಲೇ ಇರುತ್ತದೆ. ಅದಕ್ಕೇ ಇಡೀ ರಕ್ತವನ್ನೇ ನೋಡಬೇಕು, ಸೀರಂ (ಕಣಗಳನ್ನು ತೆಗೆದ ಮೇಲೆ ಉಳಿಯುವ ತಿಳಿ) ಬೇರ್ಪಡಿಸಿ ನೋಡಿದರೆ ಪ್ರಯೋಜನವಿಲ್ಲ. ನನ್ನ ನಾದಿನಿಯ ಮಗನಿಗೆ ಗದಗಿನಲ್ಲಿ ಬೆರಳು ಚುಚ್ಚಿ ನೋಡಿದರು, 14 ಬಂತು. ಮನೆ ಮಂದಿಯೆಲ್ಲ ಅತ್ತರು. ತೋಳಿನ ನರದಿಂದ ತೆಗೆಸಿದಾಗ 3. ಮಣ್ಣಲ್ಲಿ ಆಡಿ ಬಂದ ಕೈಯನ್ನು ಯಾರೂ ಸೋಪು ಹಾಕಿ ತೊಳೆದಿರಲಿಲ್ಲ. ಬೆರಳಿನ ರಕ್ತದಲ್ಲಿ ಜಾಸ್ತಿ ಬಂದರೆ ನರದಿಂದ ತೆಗೆಸಿ ಖಚಿತ ಮಾಡಿಕೊಳ್ಳಲೇಬೇಕು. ಇನ್ನು ಅಳತೆ. ಒಮ್ಮೆ ಬೇರೆ ಲ್ಯಾಬಿಗೆ ಹೋದೆವು, ರಿಪೋರ್ಟಿನಲ್ಲಿ 128! ಕೈಕಾಲು ತಣ್ಣಗಾದವು. ಆಮೇಲೆ ನೋಡಿದರೆ ಅವರು ಬರೆದದ್ದು ಲೀಟರಿಗೆ. ಡೆಸಿಲೀಟರಿಗೆ ಅಂದರೆ 12.8.

ಹೌದು, ಇಳಿಯುತ್ತಿದೆ. ಬೋಗುಣಿ ಬಿಟ್ಟ ಒಂದು ತಿಂಗಳಿಗೆ 19, ನಾಲ್ಕು ತಿಂಗಳಿಗೆ ಆ 12.8, ಈಗ 7. ರಕ್ತದಿಂದ ಸೀಸವನ್ನು ಹೊರಗೆಳೆಯುವ ಔಷಧ ಮಕ್ಕಳಿಗೆ ಸಾಮಾನ್ಯವಾಗಿ 45 ದಾಟಿದರೆ ಮಾತ್ರ ಕೊಡುವುದಂತೆ, ನಮಗೆ ಬೇಕಾಗಲಿಲ್ಲ. ‘ದೇಹ ಶುದ್ಧಿ’ ಪುಡಿ ಮಾರುವವರು ಎಷ್ಟೋ ಜನ ಸಿಕ್ಕರು, ಯಾರದ್ದೂ ಮುಟ್ಟಲಿಲ್ಲ. ಕಬ್ಬಿಣ, ಹಾಲು, ಸೊಪ್ಪು, ನಿಂಬೆಹಣ್ಣು, ಹೊತ್ತಿಗೆ ಸರಿಯಾಗಿ ಊಟ. ಎಲುಬಿನಲ್ಲಿ ಕೂತ ಸೀಸ ವರ್ಷಗಟ್ಟಲೆ ಅಲ್ಲೇ ಇದ್ದು ನಿಧಾನಕ್ಕೆ ರಕ್ತಕ್ಕೆ ಬರುತ್ತದೆ, ಹಾಗಾಗಿ ಬೇಗ ಸೊನ್ನೆಯಾಗುವುದಿಲ್ಲ. ಹೊಟ್ಟೆನೋವು ಹೋಯಿತು. ಶಾಲೆಯಲ್ಲಿ ಟೀಚರು “ಸ್ವಲ್ಪ ಗಮನ ಕಮ್ಮಿ” ಅಂದಾಗ ಮಾತ್ರ, ಅದು ಎಲ್ಲ ಮಕ್ಕಳ ಗಮನವೋ, ಆ ನಾಲ್ಕು ತಿಂಗಳದ್ದೋ ಅಂತ ರಾತ್ರಿ ಯೋಚಿಸುತ್ತ ಕೂರುತ್ತೇನೆ.

ಲ್ಯಾಬಿಗೆ ಹೋಗಿ ಕೇಳಿದೆ. “ಸಾಫ್ಟ್‌ವೇರ್‌ನಾಗ ಹಂಗ ಐತ್ರಿ” ಅಂದರು. ಬರೆದು ಕೊಟ್ಟು ಬಂದಿದ್ದೇನೆ. ಬದಲಾಗಿದೆಯೋ ಇಲ್ಲವೋ, ನೀವು ಮಾತ್ರ ‘ನಾರ್ಮಲ್’ ಓದಬೇಡಿ, ಅಂಕಿ ಓದಿ. ಮಗುವಿಗೆ 3.5 ದಾಟಿದ್ದರೆ ಡಾಕ್ಟರ ಮುಂದೆ ಬೆರಳಿಟ್ಟು ತೋರಿಸಿ.

ಬೋಗುಣಿಯನ್ನು ಅತ್ತೆ ಗುಜರಿಗೂ ಕೊಡಲಿಲ್ಲ, ಇನ್ನೊಬ್ಬರ ಮನೆ ಸೇರುತ್ತದೆ ಅಂತ. ಹೋದ ತಿಂಗಳು ಅದೇ ಕಲಾಯಿಯವನು ಓಣಿಗೆ ಬಂದ. ಜಗಳ ತೆಗೆಯಬೇಕು ಅಂತಲೇ ಇಳಿದು ಹೋದೆ. ಕಡ್ಡಿ ತೋರಿಸಿದ. ಅಂಗಡಿಯಲ್ಲಿ ತವರ ಅಂತ ಹೇಳಿ ಕೊಟ್ಟದ್ದನ್ನು ತಂದಿದ್ದಾನೆ, ಒಳಗೆ ಏನಿದೆ ಅಂತ ಅವನಿಗೂ ಗೊತ್ತಿಲ್ಲ. ಇಪ್ಪತ್ತು ವರ್ಷದಿಂದ ಆ ಹೊಗೆಯ ಮುಂದೆ ಕೂತಿದ್ದಾನೆ. ಮಧ್ಯೆ ಮಧ್ಯೆ ಹೊಟ್ಟೆ ಹಿಡಿದುಕೊಳ್ಳುತ್ತದಂತೆ. ನೀನೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸಪ್ಪಾ ಅಂದೆ.

“ಎಷ್ಟಾಗತೈತ್ರಿ ಅಕ್ಕಾರ?” ಅಂದ. ಹೇಳಿದೆ. ನಕ್ಕು ತಿದಿ ಒತ್ತತೊಡಗಿದ.