ಖಾಲಿ ಜಾಗಕ್ಕೆ ಕಂಟೇನರೋ, ಪಾರ್ಕ್‌ಲೆಟ್ಟೋ?

ಪಾಳುಬಿದ್ದ ಸೈಟಿಗೋ ಸುಮ್ಮನೆ ಅಗಲವಾಗಿರುವ ರಸ್ತೆಗೋ ಜನ ಬರಬೇಕು, ಆದರೆ ಕಾಯಂ ಕಟ್ಟಡ ಕಟ್ಟುವ ಹಾಗಿಲ್ಲ. ಆಗ ಹಡಗಿನ ಕಂಟೇನರು ಅಥವಾ ಪಾರ್ಕ್‌ಲೆಟ್ (ರಸ್ತೆಬದಿ ಕಾರು ನಿಲ್ಲುವ ಜಾಗದಲ್ಲಿ ಜನ ಕೂರಲು ಇಡುವ ಜಗಲಿ), ಈ ಎರಡನ್ನು ನೋಡಬಹುದು.

ಹಡಗಿನ ಕಂಟೇನರು: 2011ರ ಫೆಬ್ರುವರಿಯ ಭೂಕಂಪಕ್ಕೆ ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಪೇಟೆ ನೆಲಕಚ್ಚಿತು. ಅದೇ ಅಕ್ಟೋಬರಿನಲ್ಲಿ ಬಣ್ಣ ಬಳಿದ ಕಂಟೇನರುಗಳಲ್ಲಿ ‘ರೀಸ್ಟಾರ್ಟ್’ ಮಾರುಕಟ್ಟೆ ತೆರೆಯಿತು. ನಡುವೆ ಜಾಗ ಬದಲಿಸಿಕೊಂಡು 2018ರ ಜನವರಿವರೆಗೂ ನಡೆಯಿತು. ಬೀಗ ಹಾಕಬಹುದು, ಮಳೆಗೆ ಜಗ್ಗದು. ಆದರೆ 20 ಅಡಿಯದೊಂದು ಖಾಲಿಯಿದ್ದಾಗಲೇ 2 ಟನ್ ಮೀರುತ್ತದೆ. ಕ್ರೇನ್ ಬೇಕು, ಅದು ಬರಲು ರಸ್ತೆ ಬೇಕು, ಮೇಲೆ ಕರೆಂಟಿನ ತಂತಿ ಇರಬಾರದು. ಬಿಸಿಲಿಗೆ ಒಳಗೆ ಕೂತವರು ಬೆಂದೇಹೋಗುತ್ತಾರೆ. ಶಾಖ ತಡೆಯುವ ಒಳಪದರದ ಖರ್ಚನ್ನು ಮೊದಲೇ ಲೆಕ್ಕಹಾಕಿ.

ಪಾರ್ಕ್‌ಲೆಟ್: 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ‘ರೀಬಾರ್’ ಎಂಬ ವಿನ್ಯಾಸಕಾರರ ತಂಡ ಪಾರ್ಕಿಂಗ್ ಬಾಡಿಗೆಯ ಮೀಟರಿಗೆ ದುಡ್ಡು ಹಾಕಿ, ಕಾರು ನಿಲ್ಲುವ ಜಾಗದಲ್ಲಿ ಹುಲ್ಲುಹಾಸು, ಬೆಂಚು, ಮರ ಇಟ್ಟು ಎರಡು ಗಂಟೆ ಪಾರ್ಕು ನಡೆಸಿತು. (ಬಾಡಿಗೆ ಕೊಟ್ಟಾಯಿತಲ್ಲ, ಕೇಳುವವರು ಯಾರು!) ಅಲ್ಲಿಂದ ಬೆಳೆದದ್ದು ಈ ಮರದ ಜಗಲಿ, ಗಿಡದ ಕುಂಡ. ಅಗ್ಗ, ಬಿಚ್ಚಿ ಒಯ್ಯಬಹುದು. ಅಡಿಯಲ್ಲಿ ಮಳೆನೀರಿಗೆ ದಾರಿ ಬಿಡದಿದ್ದರೆ ಮಾತ್ರ ರಸ್ತೆಯೇ ಕೆರೆ.

ವರ್ಷಗಟ್ಟಲೆ ವ್ಯಾಪಾರ ನಡೆಯಬೇಕಿದ್ದರೆ ಕಂಟೇನರು. ಜನ ಕೂತು ಹರಟಿದರೆ ಸಾಕೆಂದರೆ ಪಾರ್ಕ್‌ಲೆಟ್. ಪಕ್ಕದ ಅಂಗಡಿಯವರನ್ನು ಮೊದಲೇ ಒಪ್ಪಿಸಿಕೊಳ್ಳಿ. ಒಂದೆರಡು ದಿನದ ಕಾರ್ಯಕ್ರಮಕ್ಕೆ ಎರಡೂ ದಂಡ, ಶಾಮಿಯಾನ ಹಾಕಿಸಿ.