ಬೇಸ್‌ಬಾಲ್ ರೆಫರೆನ್ಸ್: ಎಂಟು ವರ್ಷ ಬಳಸಿದ ಮೇಲೆ

ಚಿಕಾಗೊಗೆ ಬಂದ ಮೇಲೆ ನನಗೆ ಇಲ್ಲಿನ ಬೇಸ್‌ಬಾಲ್ ತಂಡ ಕಬ್ಸ್‌ನ ಹುಚ್ಚು ಹಿಡಿಯಿತು. ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಗೆಳೆಯರ ನಡುವೆ ಒಂದೇ ಪ್ರಶ್ನೆ. ಇಂಥ ವರ್ಷದ ಓಪನಿಂಗ್ ಡೇ, ಅಂದರೆ ಸೀಸನ್ನಿನ ಮೊದಲ ದಿನದ ಪಂದ್ಯದಲ್ಲಿ ಕಬ್ಸ್ ಪರ ಮೊದಲು ಬ್ಯಾಟ್ ಹಿಡಿದವರು ಯಾರು? ಕ್ರಿಕೆಟ್‌ನಲ್ಲಿ ಓಪನರ್ ಇರ್ತಾರಲ್ವಾ, ಇಲ್ಲಿ ಅವರಿಗೆ ಲೀಡ್‌ಆಫ್ ಅನ್ನುತ್ತಾರೆ. ಜೊತೆಗಾರ ಇಲ್ಲ, ಒಬ್ಬರೇ.

ಮೊದಲು ದುಡ್ಡು ಕೊಟ್ಟು ಒಂದು ಕ್ವಿಜ್ ಆ್ಯಪ್ ಹಾಕಿಕೊಂಡಿದ್ದೆ. 2017ರ ಪ್ರಶ್ನೆಗೆ ಅದು ಡೆಕ್ಸ್ಟರ್ ಫೌಲರ್ ಅಂದಿತು. ನನಗೆ ಅನುಮಾನ ಬಂತು. ಬೇಸ್‌ಬಾಲ್ ರೆಫರೆನ್ಸ್ ಅನ್ನೋ ಅಂಕಿಅಂಶಗಳ ವೆಬ್‌ಸೈಟ್‌ನಲ್ಲಿ ಆ ಪಂದ್ಯದ ಸ್ಕೋರ್ ಪಟ್ಟಿ ತೆರೆದೆ. ಫೌಲರ್ ಹೆಸರು ಮೊದಲ ಸಾಲಿನಲ್ಲೇ ಇತ್ತು, ಆದರೆ ಎದುರಾಳಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪಟ್ಟಿಯಲ್ಲಿ! ಹಿಂದಿನ ವರ್ಷ ಕಬ್ಸ್ ಜೊತೆ ವರ್ಲ್ಡ್ ಸೀರೀಸ್ (ಸೀಸನ್ನಿನ ಫೈನಲ್ ಸರಣಿ) ಗೆದ್ದ ಆತ ಅಷ್ಟರಲ್ಲಿ ತಂಡ ಬದಲಿಸಿದ್ದರು. ಕಬ್ಸ್‌ಗೆ ಮೊದಲು ಬ್ಯಾಟ್ ಹಿಡಿದವರು ಕೈಲ್ ಶ್ವಾರ್ಬರ್. ಅವತ್ತೇ ಆ್ಯಪ್ ತೆಗೆದುಹಾಕಿದೆ.

ಈ ವೆಬ್‌ಸೈಟ್ ಬಳಸೋದು ಸುಲಭ. ತಂಡ, ವರ್ಷ ಆರಿಸಿ. 'ಬ್ಯಾಟಿಂಗ್ ಆರ್ಡರ್ಸ್' ಪುಟಕ್ಕೆ ಹೋಗಿ. ಒಂದೊಂದು ಪಂದ್ಯಕ್ಕೆ ಒಂದೊಂದು ಸಾಲು. ಮೊದಲ ಸಾಲಿನ ಮೊದಲ ಹೆಸರೇ ನಿಮ್ಮ ಉತ್ತರ. ಇದಕ್ಕೆ ಕಾಸು ಕೊಡಬೇಕಿಲ್ಲ. ಸ್ಟ್ಯಾಟ್‌ಹೆಡ್ ಅನ್ನುವ ಹುಡುಕಾಟದ ಸೌಲಭ್ಯಕ್ಕೆ ಚಂದಾ ಇದೆ, ಆದರೆ ನನಗೆ ಉಚಿತ ಭಾಗವೇ ಸಾಕಾಗಿದೆ.

ನನಗೆ ಜಾಸ್ತಿ ಇಷ್ಟವಾಗೋದು ಉತ್ತರ ಸಿಕ್ಕ ಮೇಲಿನ ಓದು. 2018ರ ಮಾರ್ಚ್ 29, ಮಯಾಮಿ. ಕಬ್ಸ್ ಲೀಡ್‌ಆಫ್ ಇಯಾನ್ ಹ್ಯಾಪ್ ಹೋಮ್ ರನ್ (ಕ್ರಿಕೆಟ್ಟಿನ ಸಿಕ್ಸರ್ ಥರ) ಹೊಡೆದ ಸಾಲಿನಲ್ಲಿ ಎಸೆತಗಳ ಲೆಕ್ಕದ ಜಾಗದಲ್ಲಿ '1' ಅಂತಿದೆ. ಇಡೀ ಸೀಸನ್ನಿನ ಮೊಟ್ಟಮೊದಲ ಎಸೆತ ಅದು! ಆ ಒಂದು ಅಂಕಿ ನೋಡಿ ಮೈ ಜುಂ ಅಂದಿತ್ತು.

1994ರದ್ದು ಇನ್ನೂ ಚೆನ್ನಾಗಿದೆ. ಕಬ್ಸ್ ತವರು ಮೈದಾನ ರಿಗ್ಲಿ ಫೀಲ್ಡ್‌ನಲ್ಲಿ ನ್ಯೂಯಾರ್ಕ್ ಮೆಟ್ಸ್ ವಿರುದ್ಧದ ಪಂದ್ಯ. ಲೀಡ್‌ಆಫ್ ಟಫಿ ರೋಡ್ಸ್. ಮೊದಲ ಮೂರು ಸಲ ಬ್ಯಾಟಿಂಗ್‌ಗೆ ಬಂದಾಗಲೂ ಹೋಮ್ ರನ್, ಮೂರೂ ಡ್ವೈಟ್ ಗುಡನ್ ಅವರ ಎಸೆತಕ್ಕೆ. ಆದರೂ ಕಬ್ಸ್ 12-8ರಿಂದ ಸೋತಿತು. ಅವರ ಹೆಸರಿನ ಮೇಲೆ ಒತ್ತಿದರೆ ಆ ವರ್ಷದ ಒಟ್ಟು ಹೋಮ್ ರನ್ ಎಂಟೇ ಅಂತ ಕಾಣುತ್ತದೆ. ಅದರಲ್ಲಿ ಮೂರು ಮೊದಲ ದಿನವೇ ಬಂದಿದ್ದವು. ಮುಂದೆ ಜಪಾನಿಗೆ ಹೋದರು. ಅಲ್ಲಿ 2001ರಲ್ಲಿ 55 ಹೋಮ್ ರನ್ ಹೊಡೆದು ಸದಹಾರು ಓ ಅವರ ಒಂದು ಸೀಸನ್ನಿನ ದಾಖಲೆ ಸರಿಗಟ್ಟಿದರು. ಅಮೆರಿಕದಲ್ಲಿ ಒಂದು ದಿನದ ಆಟಕ್ಕೆ ನೆನಪಾಗುವ ಮನುಷ್ಯ ಅಲ್ಲಿ ದೊಡ್ಡ ಹೆಸರು. ನಾನು ಇದನ್ನೆಲ್ಲ ತಿಳಿದದ್ದು ಒಂದು ಕ್ವಿಜ್ ಪ್ರಶ್ನೆಯ ಬೆನ್ನು ಹತ್ತಿ.

ಹೊಸಬರಿಗೆ ಮೊದಲ ವಾರ ಸ್ವಲ್ಪ ತಲೆ ಬಿಸಿಯಾಗಬಹುದು, ಯಾಕಂದ್ರೆ ಎಲ್ಲೆಲ್ಲೂ ಎರಡಕ್ಷರದ ಗುರುತುಗಳು. ಪಿಎ ಅಂದರೆ ಎಷ್ಟು ಸಲ ಬ್ಯಾಟಿಂಗ್‌ಗೆ ಬಂದರು, ಎಬಿ ಅಂದರೆ ವಾಕ್ (ನಾಲ್ಕು ಕೆಟ್ಟ ಎಸೆತಕ್ಕೆ ಹೊಡೆಯದೆಯೇ ಸಿಗುವ ಮೊದಲ ಬೇಸ್) ನಂಥವನ್ನು ಬಿಟ್ಟ ಲೆಕ್ಕ. ಇವೆರಡು ಗೊತ್ತಾದರೆ ಉಳಿದದ್ದು ತಾನಾಗೇ ಬರುತ್ತದೆ. ನನ್ನ ಕಡೆಯಿಂದ ಐದಕ್ಕೆ ಐದು.